ಖಾರಘರದ ರಿಪೇರಿ ಕಳ್ಳ

“ಅಂಬರೀಶನೇ ಮಾಡಿರೋದು ಮೇಡಂ. ಇನ್ನು ಹುಡುಕೋದೇನಿದೆ?”

ಕಂಪನಿಯ ಪ್ರೋಗ್ರಾಮರ್ ಸಂಜನಾ ತನ್ನ ಲ್ಯಾಪ್‌ಟಾಪನ್ನು ದಮಯಂತಿಯ ಕಡೆಗೆ ತಿರುಗಿಸಿದಳು. ನವಿ ಮುಂಬೈನ ಖಾರಘರದ ಆ ಆಫೀಸಿನ ಕಿಟಕಿಯಾಚೆ ಗುಡ್ಡದ ಮೇಲೆ ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಒಳಗೆ ಮಾತ್ರ ಯಾರ ಮುಖದಲ್ಲೂ ಬೆಳಕಿರಲಿಲ್ಲ.

ಮೂರು ವಾರಗಳಿಂದ ಯಾರೋ ಈ ಕಂಪನಿಯ ಪ್ರೋಗ್ರಾಮಿನೊಳಗೆ ನುಗ್ಗಿ, ಏನನ್ನೂ ಕದಿಯದೆ, ಕೆಟ್ಟದ್ದನ್ನು ಸರಿಮಾಡಿ ಹೋಗುತ್ತಿದ್ದರು.

ಪತ್ತೇದಾರಿಕೆಯ ಇಷ್ಟು ವರ್ಷಗಳಲ್ಲಿ ದಮಯಂತಿ ಇಂಥ ಕೇಸು ಕಂಡಿರಲಿಲ್ಲ. ಬೀಗ ತೆಗೆದು ಒಳಗೆ ಬಂದು, ಮನೆ ಗುಡಿಸಿ, ಸೋರುವ ನಲ್ಲಿ ಬಿಗಿಮಾಡಿ, ಬಾಗಿಲೆಳೆದುಕೊಂಡು ಹೋಗುವ ಕಳ್ಳನನ್ನು ಹಿಡಿಯುವುದು ಹೇಗೆ? ಹಿಡಿದ ಮೇಲೆ ಬಯ್ಯುವುದಾದರೂ ಏನೆಂದು? ಕೇಸು ಒಪ್ಪಿಕೊಂಡ ದಿನದಿಂದ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಅದನ್ನು ತೋರಿಸಿಕೊಳ್ಳುವಂತಿರಲಿಲ್ಲ, ಅಷ್ಟೆ.

ಏಕೆಂದರೆ ಯತಿನ್‌ಗೆ ಇದು ತಮಾಷೆಯಾಗಿರಲಿಲ್ಲ. ಕಂಪನಿ ಅವನದು. ಮುಂಬೈ ಪಕ್ಕದ ಠಾಣೆ ಊರಿನ ಹೋಟೆಲಿನವರ ಮಗ. ಅಪ್ಪನ ಗಲ್ಲಾಪೆಟ್ಟಿಗೆಯ ಮುಂದೆ ಕೂರಲಾರೆ ಎಂದು ಹಟಹಿಡಿದು ಈ ಆಫೀಸು ತೆರೆದಿದ್ದ. ಅವರು ಮಾಡಿದ್ದು ‘ಆಪ್ಲಾ ನಂಬರ್’, ಎಂದರೆ ನಮ್ಮ ನಂಬರ್, ಎಂಬ ಪ್ರೋಗ್ರಾಂ. ಡಯಾಲಿಸಿಸ್ ಸೆಂಟರುಗಳಲ್ಲಿ ಯಾವ ರೋಗಿಗೆ ಯಾವ ಕುರ್ಚಿ, ಯಾರ ಸರತಿ ಯಾವಾಗ ಎಂಬುದನ್ನೆಲ್ಲ ಅದೇ ನೋಡಿಕೊಳ್ಳಬೇಕು. ಈವರೆಗೆ ಕಲ್ಯಾಣದ ಒಂದೇ ಸೆಂಟರಿನಲ್ಲಿ ಪರೀಕ್ಷೆಗೆಂದು ಓಡುತ್ತಿತ್ತು. ನಾಳೆ ಬೆಳಿಗ್ಗೆಯಿಂದ ಠಾಣೆ, ಡೊಂಬಿವಲಿಯ ಸೆಂಟರುಗಳಲ್ಲೂ ಶುರುವಾಗುವುದಿತ್ತು. ಒಳಗೆ ಹೊರಗಿನವರು ಓಡಾಡುತ್ತಿದ್ದಾರೆಂಬ ಸುದ್ದಿ ಆಸ್ಪತ್ರೆಯವರ ಕಿವಿಗೆ ಬಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

“ದಮಯಂತಕ್ಕ, ಶಾಮ್ ತಕ್, ಸಂಜೆಯೊಳಗೆ ನನಗೆ ಹೆಸರು ಬೇಕು,” ಎಂದ ಯತಿನ್. “ಇಲ್ಲದಿದ್ದರೆ ಅಂಬರೀಶನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತೇನೆ. ನನಗೂ ಬೇಜಾರೇ. ಲೇಕಿನ್ ಕ್ಯಾ ಕರೂಂ?”

ಸಂಜನಾ ಕೊಟ್ಟ ಕಾರಣಗಳು ಎರಡು. ನುಗ್ಗಿದವರು ಬಳಸಿದ ಖಾತೆಯ ಹೆಸರು ‘ಪಾಹುಣಾ’, ಎಂದರೆ ಅತಿಥಿ. ಕಳ್ಳನ ಸುಳಿವು ಸಿಗಲೆಂದು ಅದನ್ನು ಇನ್ನೂ ಮುಚ್ಚಿರಲಿಲ್ಲ. ಕಂಪನಿಯಲ್ಲಿ ಖಾತೆಗಳನ್ನು ತೆರೆದುಕೊಡುವ ಕೆಲಸ ಅಂಬರೀಶನದು. ಎರಡನೆಯದಾಗಿ, ಇಡೀ ಆಫೀಸು ಗಾಬರಿಯಲ್ಲಿದ್ದಾಗ ಆ ಬದಲಾವಣೆಗಳನ್ನು ಓದಿ ನಗುತ್ತಿದ್ದವನು ಅವನೊಬ್ಬನೇ. ತಾನು ಕಣ್ಣಾರೆ ಕಂಡಿದ್ದೇನೆ ಎಂದಳು.

ದಮಯಂತಿ ಕನ್ನಡಕ ಏರಿಸಿಕೊಂಡು ಪರದೆಯ ಮುಂದೆ ಕುಳಿತಳು.

ಈ ಕೆಲಸಕ್ಕೆ ಯತಿನ್ ಅವಳನ್ನೇ ಹುಡುಕಿಕೊಂಡು ಹೋದದ್ದಕ್ಕೆ ಕಾರಣವಿತ್ತು. ಠಾಣೆ ರೈಲ್ವೆ ಸ್ಟೇಷನ್ನಿನ ಬಳಿ ಪತ್ತೇದಾರಿ ಆಫೀಸು ತೆರೆದು ಮದುವೆ ವಿಚಾರಣೆ, ಕಾಣೆಯಾದವರ ಹುಡುಕಾಟ ಎಂದು ಓಡಾಡುವ ಮೊದಲು ಅವಳು ಮಹಾಪೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬಹಳ ವರ್ಷ ದುಡಿದಿದ್ದಳು. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸವಾಗಿತ್ತು. ಅವಳ ಹೆಜ್ಜೆಸಪ್ಪಳ ಕೇಳಿದರೆ ಹುಡುಗರು ತಮ್ಮ ತಮ್ಮ ಪರದೆ ಮುಚ್ಚಿಕೊಳ್ಳುತ್ತಿದ್ದರಂತೆ.

ಓದುತ್ತ ಹೋದಂತೆ ಅವಳ ಬೆನ್ನು ನೆಟ್ಟಗಾಯಿತು.

ಸಂಜನಾ ಬರೆದ ಭಾಗ ಅವಳಿಗೆ ಕೂಡಲೇ ಗುರುತು ಸಿಕ್ಕಿತು. ಚುರುಕು, ಬಿಗಿ, ಹತ್ತು ಸಾಲಿನ ಕೆಲಸ ಒಂದೇ ಸಾಲಿನಲ್ಲಿ. ನೋಡಿದರೆ ಸೈ ಎನ್ನಬೇಕು, ಆದರೆ ಮುಟ್ಟಲು ಭಯ. ಅಂಬರೀಶನದು ತಡೆದು ತಡೆದು ನಡೆಯುವ ನಡಿಗೆ. ಮೂರು ಸಲ ತಪಾಸಣೆ ಮಾಡಿ ನಾಲ್ಕನೆಯ ಹೆಜ್ಜೆ.

ಪಾಹುಣಾ ಇಬ್ಬರಂತೆಯೂ ಇರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಅದು ಸರಿಹೋಯಿತೆಂದು ಖಾತ್ರಿಯಾದ ಮೇಲೆ ಇನ್ನೊಂದು. ಪ್ರತಿ ಬದಲಾವಣೆಯ ಪಕ್ಕದಲ್ಲಿ ಸರಳ ಇಂಗ್ಲಿಷಿನಲ್ಲಿ ಎರಡು ಸಾಲಿನ ಟಿಪ್ಪಣಿ: ಇಲ್ಲಿ ಮೊದಲು ಏನಾಗುತ್ತಿತ್ತು, ಅದರಿಂದ ಯಾರಿಗೆ ತೊಂದರೆಯಾಗುತ್ತಿತ್ತು, ಈಗ ಏನು ಮಾಡಿದೆ. ತನಗೆ ಖಚಿತವಿಲ್ಲದ ಕಡೆ, ಇದು ಸರಿಯೋ ತಪ್ಪೋ ಗೊತ್ತಿಲ್ಲ, ತಿಳಿದವರು ನೋಡಿ ಎಂದೂ ಬರೆದಿತ್ತು. ಬೇರೆಯವರ ತಪ್ಪನ್ನು ತಿದ್ದಿದಲ್ಲೂ ಹಂಗಿಸುವ ಒಂದು ಮಾತಿರಲಿಲ್ಲ. ಪಕ್ಕದಲ್ಲೇ ಕುಳಿತು ಯಾರೋ ಬೆರಳಿಟ್ಟು ತೋರಿಸಿ ಹೇಳಿಕೊಡುತ್ತಿದ್ದಾರೆ ಅನ್ನಿಸಿತು ದಮಯಂತಿಗೆ.

ಒಂದು ತಿದ್ದುಪಡಿಯ ಹತ್ತಿರ ಅವಳು ಬಹಳ ಹೊತ್ತು ನಿಂತಳು. ನಂಬರ್ ಕರೆದಾಗ ಎದ್ದು ಬರಲು ತಡವಾದ ರೋಗಿಯನ್ನು ಪ್ರೋಗ್ರಾಂ ಸರತಿಯ ಕೊನೆಗೆ ತಳ್ಳುತ್ತಿತ್ತು. ಪಾಹುಣಾ ಅದನ್ನು ಬದಲಿಸಿ, ಸ್ವಲ್ಪ ಕಾದು ಇನ್ನೊಮ್ಮೆ ಕರೆಯುವಂತೆ ಮಾಡಿದ್ದರು. ಟಿಪ್ಪಣಿಯಲ್ಲಿದ್ದದ್ದು ಇಷ್ಟೇ: ನಮ್ಮ ಜನ ಮೆಲ್ಲಗೆ ನಡೆಯುತ್ತಾರೆ.

ನಮ್ಮ ಜನ. ಆ ಎರಡು ಪದಗಳನ್ನು ದಮಯಂತಿ ಮನಸ್ಸಿನಲ್ಲಿಟ್ಟುಕೊಂಡಳು.

ಇನ್ನೆರಡು ಸಂಗತಿ ಅವಳ ಕಣ್ಣಿಗೆ ಬಿದ್ದವು. ಬದಲಾವಣೆಗಳೆಲ್ಲ ಆಗಿದ್ದು ಮಂಗಳವಾರ, ಗುರುವಾರ, ಶನಿವಾರಗಳಲ್ಲಿ, ಅದೂ ಮಧ್ಯಾಹ್ನ ಊಟದ ನಂತರ. ಮತ್ತೆ, ಅಷ್ಟೊಂದು ಟಿಪ್ಪಣಿಗಳಲ್ಲಿ ಹುಡುಕಿದರೂ ಒಂದು ಕ್ಯಾಪಿಟಲ್ ಅಕ್ಷರ ಇರಲಿಲ್ಲ. ವಾಕ್ಯದ ಮೊದಲಿಗೂ ಇಲ್ಲ, ಊರಿನ ಹೆಸರಿಗೂ ಇಲ್ಲ. ಇಷ್ಟು ಅಚ್ಚುಕಟ್ಟಿನ ಮನುಷ್ಯ ಇಷ್ಟು ಸಣ್ಣ ವಿಷಯದಲ್ಲಿ ಯಾಕೆ ಉದಾಸೀನ?

ಸಂಜನಾಗೆ ಅದು ದೊಡ್ಡದೆನಿಸಲಿಲ್ಲ. ಈಗಿನ ಹುಡುಗರು ಎಲ್ಲರೂ ಹಾಗೇ ಬರೆಯೋದು ಎಂದಳು.

ಅಂಬರೀಶ ಕೆಳಗಿನ ಚಹಾದಂಗಡಿಯಲ್ಲಿ ಸಿಕ್ಕಿದ. ಅವನ ಕಂಪ್ಯೂಟರನ್ನು ಹಿಂದಿನ ದಿನವೇ ಕಿತ್ತುಕೊಂಡಿದ್ದರು. ಮನೆಗೆ ಹೋಗೆಂದಿದ್ದರೂ ಅವನು ಹೋಗಿರಲಿಲ್ಲ. ಭಿವಂಡಿಯ ಮನೆಯಲ್ಲಿ ಅವ್ವ ಶರಣಬಸಮ್ಮನಿಗೆ ಏನೆಂದು ಹೇಳುವುದು ತಿಳಿಯದೆ ಅಲ್ಲೇ ಕುಳಿತಿದ್ದ. ಅವನ ಮನೆಯವರು ಕಲಬುರಗಿಯಿಂದ ಬಂದವರು. ಅವನು ಹುಟ್ಟಿದ್ದು ಇಲ್ಲೇ ಆದರೂ ಮಾತು ಮಾತ್ರ ಅವ್ವನದೇ.

ದಮಯಂತಿ ಅರ್ಧ ಲೋಟದ ಎರಡು ಕಟಿಂಗ್ ಚಹಾ ಹೇಳಿ ಎದುರಿಗೆ ಕುಳಿತಳು. ಖಾತೆ ತೆರೆದುಕೊಟ್ಟದ್ದು ನೀನೇನಾ ಎಂದು ನೇರವಾಗಿ ಕೇಳಿದಳು. ಅಲ್ಲ ಎಂದ. ಹಾಗಾದರೆ ಯಾರು ಎಂದಾಗ ಗೊತ್ತಿಲ್ಲ ಎಂದ. ಊಹೆಯ ಮೇಲೆ ಒಬ್ಬರ ಹೆಸರು ಹೇಳಲಾರೆ ಎಂದೂ ಸೇರಿಸಿದ. ತನ್ನ ತಲೆಯ ಮೇಲೆ ಕತ್ತಿ ತೂಗುತ್ತಿದ್ದರೂ ಹುಡುಗ ಇನ್ನೊಬ್ಬರ ಕಡೆ ಬೆರಳು ತೋರಿಸಲಿಲ್ಲವೆಂಬುದನ್ನು ಅವಳು ಗಮನಿಸಿದಳು.

“ಮತ್ತೆ ನಗ್ತಾ ಇದ್ದದ್ದು ಯಾಕೆ ಮಾರಾಯ?”

ಅಂಬರೀಶನ ಮುಖ ಆ ಮಾತಿಗೆ ಅರಳಿತು.

“ಏನ್ ಹೇಳ್ಲಿ ಅಕ್ಕೋರೆ, ಛಂದ ಅದರೀ ಅವರ ಕೆಲಸ. ನಾ ವಾರಗಟ್ಟಲೆ ಬಡದಾಡಿದ್ದು ಅವ್ರು ಒಂದ್ ಮಧ್ಯಾಹ್ನದಾಗ ಬಿಡಿಸ್ಯಾರ. ಯಾಕ ತಪ್ಪಿತ್ತು ಅಂತ ತಿಳಿಸ್ಯಾರ. ಕಾಲೇಜದಾಗ ಇಷ್ಟು ಯಾರೂ ಹೇಳಿಕೊಟ್ಟಿಲ್ಲರೀ ನಂಗ. ಅವರು ಯಾರಂತ ಗೊತ್ತಾದ್ರ ಮೊದ್ಲು ಕಾಲ್ ಮುಗೀತೀನಿ.”

ದಮಯಂತಿ ಚಹಾ ಮುಗಿಸಿ ಎದ್ದಳು. ಈ ಹುಡುಗ ಕಳ್ಳನಲ್ಲ ಎಂದು ಅವಳಿಗೆ ಖಚಿತವಾಗಿತ್ತು. ಆದರೆ ಅನ್ನಿಸಿದ್ದನ್ನೆಲ್ಲ ಯತಿನ್‌ನ ಮುಂದೆ ಪುರಾವೆಯೆಂದು ಇಡುವಂತಿರಲಿಲ್ಲ. ಇಲ್ಲೇ ಆಸುಪಾಸಿನಲ್ಲಿರು, ಫೋನು ಆಫ್ ಮಾಡಬೇಡ ಎಂದು ಅವನಿಗೆ ಹೇಳಿ, ಯತಿನ್‌ನನ್ನು ಒಂದು ಮಾತಿಗೆ ಒಪ್ಪಿಸಿ ರೈಲ್ವೆ ಸ್ಟೇಷನ್ನಿನ ಕಡೆ ನಡೆದಳು. ಅಂಬರೀಶನ ಕಂಪ್ಯೂಟರು ಸಂಜೆಯವರೆಗಾದರೂ ಅವನಿಗೆ ಮರಳಿ ಸಿಗಬೇಕು, ಅವನು ಪ್ರೋಗ್ರಾಮಿನ ಮೇಲೆ ಕಣ್ಣಿಟ್ಟಿರಬೇಕು. ಯತಿನ್ ಗೊಣಗಿದರೂ ಒಪ್ಪಿದ.

ಮೊದಲು ಠಾಣೆಯ ತನ್ನ ಆಫೀಸಿಗೆ ಹೋಗಿ ಯೋಚಿಸುವುದು ಅವಳ ಲೆಕ್ಕಾಚಾರವಾಗಿತ್ತು. ಠಾಣೆ ಗಾಡಿ ಸಿಕ್ಕಿತು. ಲೇಡೀಸ್ ಡಬ್ಬಿಯಲ್ಲಿ ಜನ ಕಡಿಮೆ, ಕಿಟಕಿಯ ಪಕ್ಕವೇ ಜಾಗ.

ಎದುರಿನ ಸೀಟಿನಲ್ಲಿ ಒಬ್ಬ ಹುಡುಗಿ ಕುಳಿತಿದ್ದಳು. ಎಡಗೈ ತುಂಬ ಹಸಿ ಮೆಹಂದಿ. ಅದನ್ನು ಯಾವುದಕ್ಕೂ ತಾಗಿಸದಂತೆ ಗಾಳಿಯಲ್ಲಿ ಎತ್ತಿ ಹಿಡಿದಿದ್ದಳು. ತೊಡೆಯ ಮೇಲೆ ಲ್ಯಾಪ್‌ಟಾಪ್. ಬಲಗೈಯೊಂದರಲ್ಲೇ ಟಕಟಕ ಬಡಿಯುತ್ತಿದ್ದಳು. ಅಕ್ಕಪಕ್ಕದ ಹೆಂಗಸರೆಲ್ಲ ನೋಡಿ ನಗುತ್ತಿದ್ದರು. ಅವಳೂ ನಗುತ್ತಲೇ, ಸಂಜೆ ಅಕ್ಕನ ಅರಿಶಿನದ ಶಾಸ್ತ್ರ, ಆಫೀಸಿನಲ್ಲಿ ಮಾತ್ರ ರಜೆ ಕೊಡಲಿಲ್ಲ ಎಂದು ಮರಾಠಿಯಲ್ಲಿ ಹೇಳಿಕೊಂಡಳು.

ಜುಯಿನಗರ ಬಂದಾಗ ಕೂತ ಜಾಗ ಬದಲಿಸುವ ನೆಪದಲ್ಲಿ ದಮಯಂತಿ ಅವಳ ಪಕ್ಕಕ್ಕೆ ಸರಿದಳು. ಪರದೆಯ ಮೇಲೆ ಕಣ್ಣು ಹಾಯಿಸಿದಳು.

ಒಂದೂ ಕ್ಯಾಪಿಟಲ್ ಅಕ್ಷರವಿರಲಿಲ್ಲ.

ಕಾರಣ ಕೇಳಿದಳು. ಹುಡುಗಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ಕ್ಯಾಪಿಟಲ್ ಹಾಕಬೇಕಾದರೆ ಎರಡು ಕೀಲಿ ಒಟ್ಟಿಗೆ ಒತ್ತಬೇಕಲ್ಲ ಆಂಟಿ, ನನ್ನ ಹತ್ತಿರ ಈಗ ಇರುವುದು ಒಂದೇ ಕೈ ಎಂದಳು.

ದಮಯಂತಿ ಅವಳ ಮೆಹಂದಿ ಇಲ್ಲದ ಕೈ ಹಿಡಿದು ಕುಲುಕಿಬಿಟ್ಟಳು. ಮದುವೆಗೆ ಬರುತ್ತೇನೆಂದೂ ಹೇಳಿದಳು. ಹುಡುಗಿ ತಬ್ಬಿಬ್ಬಾಗಿ, ಬನ್ನಿ ಎಂದಳು.

ಉಳಿದದ್ದೆಲ್ಲ ತಾನಾಗಿ ಬಂದು ಕೂಡಿಕೊಂಡಿತು. ಡೊಂಬಿವಲಿಯ ಮನೆಯಿಂದ ಅತ್ತೆಯನ್ನು ವರ್ಷಗಟ್ಟಲೆ ಡಯಾಲಿಸಿಸ್‌ಗೆ ಕರೆದೊಯ್ದವಳು ದಮಯಂತಿ. ದಿನ ಬಿಟ್ಟು ದಿನ ಹೋಗಬೇಕು. ಸುಮಾರು ನಾಲ್ಕು ಗಂಟೆ ಆ ಕುರ್ಚಿಯಲ್ಲಿ ಒರಗಿರಬೇಕು. ಸೂಜಿ ಚುಚ್ಚಿದ ಕೈಯನ್ನು ಅಲ್ಲಾಡಿಸುವಂತಿಲ್ಲ. ಇನ್ನೊಂದು ಕೈ ಮಾತ್ರ ಬಿಡುವು.

ಪಾಹುಣಾ ಆಫೀಸಿನವನಲ್ಲ. ಡಯಾಲಿಸಿಸ್ ಕುರ್ಚಿಯಲ್ಲಿ ಒರಗಿಕೊಂಡು, ತನ್ನ ಸರತಿಯನ್ನು ಕರೆಯುವ ಪ್ರೋಗ್ರಾಮನ್ನು ತಾನೇ ದುರಸ್ತಿ ಮಾಡುತ್ತಿರುವ ರೋಗಿ. ಪ್ರೋಗ್ರಾಂ ಓಡುತ್ತಿರುವುದು ಒಂದೇ ಕಡೆ, ಕಲ್ಯಾಣದಲ್ಲಿ. ಇವತ್ತು ಗುರುವಾರ.

ಠಾಣೆಯಲ್ಲಿ ಇಳಿದವಳು ಆಫೀಸಿನ ದಾರಿ ಬಿಟ್ಟು ಸೇತುವೆ ಹತ್ತಿ ಕಲ್ಯಾಣ ಗಾಡಿಯ ಪ್ಲಾಟ್‌ಫಾರ್ಮಿಗೆ ಓಡಿದಳು. ಓಡುತ್ತಲೇ ಯತಿನ್‌ಗೆ ಫೋನು ಮಾಡಿ, ಸಂಜನಾಳನ್ನೂ ಕರೆದುಕೊಂಡು ಕಾರಿನಲ್ಲಿ ಕಲ್ಯಾಣದ ಸೆಂಟರಿಗೆ ಬಾ ಎಂದಳು. ಯಾಕೆಂದು ಹೇಳಲಿಲ್ಲ. ಇಷ್ಟು ಚೆಂದದ ಸುದ್ದಿಯನ್ನು ಫೋನಿನಲ್ಲಿ ಖರ್ಚು ಮಾಡಲು ಅವಳಿಗೆ ಮನಸ್ಸಿರಲಿಲ್ಲ.

ಶೀಳಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿ ಅವರು ಬಂದು ಮುಟ್ಟುವ ಹೊತ್ತಿಗೆ ದಮಯಂತಿ ಸೆಂಟರಿನ ಮೆಟ್ಟಿಲ ಮೇಲೆ ಕುಳಿತು ಒಂದು ವಡಾಪಾವ್ ಮುಗಿಸಿದ್ದಳು. ಚಪ್ಪಲಿ ಹೊರಗೆ ಬಿಟ್ಟು, ಸಿಸ್ಟರ್ ಕೊಟ್ಟ ಮಾಸ್ಕ್ ಕಟ್ಟಿಕೊಂಡು ಮೂವರೂ ಒಳಗೆ ಹೋದರು.

ಉದ್ದನೆಯ ತಣ್ಣನೆ ಕೋಣೆ. ಎರಡೂ ಬದಿಗೆ ಕುರ್ಚಿಗಳು, ಪಕ್ಕದಲ್ಲಿ ಗುಂಯ್‌ಗುಡುವ ಯಂತ್ರಗಳು, ನಡುನಡುವೆ ಹಸಿರು ಪರದೆ. ಕೆಲವರು ನಿದ್ದೆಯಲ್ಲಿದ್ದರು, ಕೆಲವರು ಮೊಬೈಲಿನಲ್ಲಿ.

ಆಗ ಗೋಡೆಯ ಸ್ಪೀಕರ್ ಮಾತಾಡಿತು.

“ಮರಗಮ್ಮಾ, ಬಾರವಾ, ನಿನ್ನ ಪಾಳಿ ಬಂತು. ಅವಸರ ಮಾಡಬ್ಯಾಡ, ಸಾವಕಾಶ ಬಾ.”

ಬಾಗಿಲ ಬಳಿಯ ಬೆಂಚಿನಿಂದ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದಳು. ರಾಯಚೂರಿನ ಕಡೆಯವಳು, ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನಿಂತವಳು ಎಂದು ಸಿಸ್ಟರ್ ಆಮೇಲೆ ಹೇಳಿದರು. ಮರಗಮ್ಮ ಸ್ಪೀಕರಿನ ಕಡೆ ನೋಡಿ, ಬಂದೆನವಾ ಎಂದು ಉತ್ತರ ಕೊಟ್ಟೇ ಮುಂದೆ ನಡೆದಳು. ಎಚ್ಚರವಿದ್ದವರೆಲ್ಲ ನಕ್ಕರು. ಇದು ಅಲ್ಲಿನ ದಿನದ ಸಂತೋಷ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು.

ಯತಿನ್ ಬೆರಗಾಗಿ ಸಂಜನಾಳ ಮುಖ ನೋಡಿದ. ಅವರ ಪ್ರೋಗ್ರಾಂ ಇಂಗ್ಲಿಷಿನಲ್ಲಿ ನಂಬರ್ ಮಾತ್ರ ಕರೆಯಬೇಕಿತ್ತು. ಕಾಗದದ ಚೀಟಿಯ ಮೇಲಿನ ಅಂಕಿ ಓದಲು ಬಾರದ ಮರಗಮ್ಮ ಎಷ್ಟೋ ಸಲ ತನ್ನ ಸರತಿ ತಪ್ಪಿಸಿಕೊಂಡು ಅತ್ತಿದ್ದಳಂತೆ. ಈಗ ಅವರವರ ಹೆಸರು ಅವರವರ ಭಾಷೆಯಲ್ಲೇ ಬರುತ್ತದೆ; ಮರಾಠಿಯವರಿಗೆ ಮರಾಠಿ, ಹಿಂದಿಯವರಿಗೆ ಹಿಂದಿ. ಎಲ್ಲಕ್ಕೂ ದನಿ ಒಂದೇ. ಪರೀಕ್ಷೆ ಶುರುವಾದ ಮೇಲೆ ಖಾರಘರದ ಆಫೀಸಿನವರು ಯಾರೂ ಒಂದು ದಿನವಾದರೂ ಇಲ್ಲಿ ಬಂದು ಕುಳಿತಿರಲಿಲ್ಲ. ಬದಲಾವಣೆಯ ಸಾಲುಗಳನ್ನು ಓದಿದ್ದರೂ ಅದು ಹೀಗೆ ಕೇಳಿಸುತ್ತದೆಂದು ತಿಳಿಯುವ ದಾರಿ ಅವರಿಗಿರಲಿಲ್ಲ.

ದಮಯಂತಿ ಕುರ್ಚಿಯಿಂದ ಕುರ್ಚಿಗೆ ನಡೆದಳು. ಅವಳು ಆ ದನಿಯ ಒಡತಿಯನ್ನು ಹುಡುಕುತ್ತಿದ್ದಳು.

ಕೊನೆಯದಕ್ಕಿಂತ ಒಂದು ಮುಂಚಿನ ಕುರ್ಚಿಯಲ್ಲಿ ಎಸಿಯ ತಂಪಿಗೆ ಮಂಕಿಕ್ಯಾಪ್ ಹಾಕಿಕೊಂಡ ಅರವತ್ತು ದಾಟಿದ ಹೆಂಗಸೊಬ್ಬಳು ಒರಗಿದ್ದಳು. ಎಡಗೈ ದಿಂಬಿನ ಮೇಲೆ ನಿಶ್ಚಲ, ಅದರಿಂದ ನಳಿಕೆಗಳು ಯಂತ್ರಕ್ಕೆ. ತೊಡೆಯ ಮೇಲಿನ ಲ್ಯಾಪ್‌ಟಾಪನ್ನು ಬಲಗೈಯಿಂದ ಆಗಷ್ಟೇ ಮುಚ್ಚಿ, ಸಿಸ್ಟರಿಗೆ ಹೊದಿಕೆ ಸರಿಮಾಡಲು ಹೇಳುತ್ತಿದ್ದಳು. ದನಿ ಅದೇ.

ದಮಯಂತಿ ಸ್ಟೂಲು ಎಳೆದುಕೊಂಡು ಕುಳಿತಳು. ಯತಿನ್, ಸಂಜನಾ ಅವಳ ಹಿಂದೆ ನಿಂತರು. ಕದ್ದೆಯಾ ಎಂದು ಕೇಳಿದರೆ ಯಾರಾದರೂ ಇಲ್ಲ ಎನ್ನುತ್ತಾರೆ. ಅವಳು ಬೇರೆ ದಾರಿ ಹಿಡಿದಳು.

“ನಮಸ್ಕಾರ ಅಮ್ಮ. ಮೊನ್ನೆ ಮಂಗಳವಾರ ನೀವು ಮಾಡಿದ ರಿಪೇರಿಯಲ್ಲಿ ಒಂದು ತಪ್ಪುಂಟು.”

ತಪ್ಪೇನೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅದು ಬಲೆ. ಗೊತ್ತಿಲ್ಲದವರಾಗಿದ್ದರೆ ಯಾವ ರಿಪೇರಿ ಎನ್ನುತ್ತಿದ್ದರು. ಸಾಮಾನ್ಯ ಜಾಣರಾಗಿದ್ದರೆ ಸಾಧ್ಯವೇ ಇಲ್ಲ ಎನ್ನುತ್ತಿದ್ದರು.

ಮಂಕಿಕ್ಯಾಪಿನ ಹೆಂಗಸು ಎರಡನ್ನೂ ಅನ್ನಲಿಲ್ಲ. ಅವಳ ಕಣ್ಣು ಚುರುಕಾದವು, ಬಲಗೈ ತಾನಾಗಿ ಲ್ಯಾಪ್‌ಟಾಪಿನ ಅಂಚಿಗೆ ಹೋಯಿತು.

“ಹೌದಾ? ಎಲ್ಲಿ ಐತಿ? ತೋರಸ್ರಿ ಲಗೂನ. ನಂಗೂ ಸಂಶೇ ಇತ್ತು.”

ಅಷ್ಟು ಹೇಳಿದ ಮೇಲೆ ಅವಳಿಗೆ ತಾನು ಸಿಕ್ಕಿಬಿದ್ದದ್ದು ಗೊತ್ತಾಯಿತು. ಒಂದು ಗಳಿಗೆ ದಮಯಂತಿಯ ಮುಖ ನೋಡಿದಳು. ಆಮೇಲೆ ನಳಿಕೆಗಳು ಅಲ್ಲಾಡುವಂತೆ ನಗತೊಡಗಿದಳು. ಕೈ ಅಲ್ಲಾಡಿಸಬೇಡಿ ಎಂದು ಸಿಸ್ಟರ್ ಗದರಿದರು.

ಅನಸೂಯಾ ಎಂದು ಅವಳ ಹೆಸರು. ವಿಜಯಪುರದವಳು, ಮದುವೆಯಾಗಿ ಠಾಣೆಗೆ ಬಂದವಳು. ವಿಮಾ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೂದಲು ಬೆಳ್ಳಗಾಗುವ ತನಕ ಪ್ರೋಗ್ರಾಂ ಬರೆದು ನಿವೃತ್ತಳಾಗಿದ್ದಳು. ಮೂತ್ರಪಿಂಡ ಕೈಕೊಟ್ಟ ಮೇಲೆ ಕಲ್ಯಾಣದ ಮಗಳ ಮನೆಯಲ್ಲಿದ್ದಳು. ಈ ಪ್ರೋಗ್ರಾಮಿನ ತೊಂದರೆಗಳನ್ನು ಅವಳು ಮೊದಲು ದೂರಿನ ಪೆಟ್ಟಿಗೆಗೆ ಬರೆದು ಹಾಕಿದ್ದಳು. ಯಾರೂ ಉತ್ತರಿಸಲಿಲ್ಲ. ಪಕ್ಕದವರು ಕಣ್ಣೆದುರೇ ಸರತಿ ತಪ್ಪಿಸಿಕೊಂಡು ಒದ್ದಾಡುತ್ತಿದ್ದಾಗ ಕೈಯಲ್ಲಿ ವಿದ್ಯೆ ಇಟ್ಟುಕೊಂಡು ಸುಮ್ಮನೆ ಮಲಗುವುದು ಅವಳಿಂದಾಗಲಿಲ್ಲ.

ಯತಿನ್ ದನಿ ಗಟ್ಟಿಮಾಡಿಕೊಂಡು, ಹಾಗಂತ ಬೇರೆಯವರ ಬೀಗ ಒಡೆಯಬಹುದಾ ಎಂದು ಕೇಳಿದ.

“ಯಾವ ಬೀಗ ತಮ್ಮಾ?” ಎಂದಳು ಅನಸೂಯಾ. “ಉದ್ಘಾಟನಾದ ದಿನ ನೀನ ಬಂದು, ಅಜ್ಜಿ, ಇದು ಹ್ಯಾಂಗೈತಿ ನೋಡಿ ಹೇಳ್ರಿ ಅಂತ ಪಾಸ್‌ವರ್ಡ್ ಕೊಟ್ಟು ಹ್ವಾದಿ. ಪಾಹುಣಾ ಅಂತ ಹೆಸರಿಟ್ಟು ತಲಬಾಗಿಲಿಂದ ಅಡಗೀಮನಿ ತನಕಾ ಎಲ್ಲಾ ತಗದ ಇಟ್ಟೀರಿ. ಬಂದ ಪಾವಣ್ಯಾರು ಒಲಿ ಹೊಗಿಯಾಡೂದು ನೋಡ್ಕೋತ ಕುಂಡರಬೇಕೇನು?”

ಯತಿನ್‌ಗೆ ಆ ದಿನ ನೆನಪಾಯಿತು. ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿ ಆಫೀಸಿಗೆ ಫೋನು ಮಾಡಿ, ಒಬ್ಬ ಅಜ್ಜಿಗೆ ತೋರಿಸಬೇಕು, ಜಲ್ದಿ ಒಂದು ಖಾತೆ ಮಾಡಿಕೊಡಿ ಎಂದಿದ್ದ. ಅವನು ನಿಧಾನವಾಗಿ ಸಂಜನಾಳ ಕಡೆ ತಿರುಗಿದ.

ಸಂಜನಾ ನೆಲ ನೋಡುತ್ತಿದ್ದಳು. ಅವತ್ತು ಅಂಬರೀಶ ರಜೆಯಲ್ಲಿದ್ದ, ಮಾಡಿಕೊಟ್ಟದ್ದು ತಾನೇ ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡಳು. ಅವಸರದಲ್ಲಿ ತನ್ನ ಖಾತೆಯ ಎಲ್ಲ ಅಧಿಕಾರಗಳನ್ನೂ ಅದಕ್ಕೆ ಕೊಟ್ಟುಬಿಟ್ಟಿದ್ದಳಂತೆ. ಆಮೇಲೆ ಮುಚ್ಚಲು ಮರೆತಳಂತೆ.

ಹುಡುಗಿಯನ್ನು ಯಾರೂ ಬಯ್ಯಲಿಲ್ಲ. ಅನಸೂಯಾಳೇ ಅವಳ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ನೀ ಬರೆದದ್ದು ಓದೀನಿ, ಬುದ್ಧಿ ಭಾಳ ಐತಿ ನಿಂಗ, ಆದರ ನಿನ್ನ ಪ್ರೋಗ್ರಾಂ ಬಳಸೋ ಮಂದಿ ನಡುವೆ ಒಂದು ದಿನ ಬಂದು ಕುಂಡ್ರು, ಅರ್ಧ ಕೆಲಸ ಅಲ್ಲೇ ಮುಗೀತದ ಎಂದಳು. ಸಂಜನಾ ತಲೆಯಾಡಿಸಿದಳು.

ಯತಿನ್‌ನ ಸಿಟ್ಟು ಎಲ್ಲೋ ಇಳಿದುಹೋಗಿತ್ತು. ಅವನೂ ನಗುತ್ತಿದ್ದ. ಆಸ್ಪತ್ರೆಯವರಿಗೆ ಹೊರಗಿನವರು ನುಗ್ಗಿದ್ದರು ಎಂದು ಹೇಳಬೇಕಾಗಿರಲಿಲ್ಲ. ರೋಗಿಗಳ ಸಲಹೆಯಿಂದ ತಿದ್ದಿದ್ದೇವೆ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ನಾಳೆಯಿಂದ ನಮ್ಮ ಕಂಪನಿಗೇ ಬನ್ನಿ, ಮಂಗಳವಾರ, ಗುರುವಾರ, ಶನಿವಾರ ಈ ಕುರ್ಚಿಯೇ ನಿಮ್ಮ ಆಫೀಸು ಎಂದು ಅವನು ಅನಸೂಯಾಳನ್ನು ಕರೆದ. ಸಂಬಳದ ಜೊತೆ ಊಟಕ್ಕೆ ಅಪ್ಪನ ಹೋಟೆಲಿನ ನೀರುದೋಸೆಯೂ ಇರಲಿ ಎಂದು ದಮಯಂತಿ ಸೇರಿಸಿದಳು. ಪಕ್ಕದ ಕುರ್ಚಿಗಳವರು, ನಮ್ಮ ಪಾಲಿಗೂ ತರಬೇಕು ಎಂದರು. ಸಿಸ್ಟರ್ ಮತ್ತೊಮ್ಮೆ ಗದರಿದರು, ಅವರೂ ನಗುತ್ತಲೇ.

ಈ ಗದ್ದಲದ ನಡುವೆ ದಮಯಂತಿ ಫೋನು ತೆಗೆದಳು. ಮೊದಲ ಸುದ್ದಿ ಮುಟ್ಟಬೇಕಾದದ್ದು ಅಂಬರೀಶನಿಗೆ. ಕಾಲು ಮುಗಿಯಬೇಕಾದವರು ಸಿಕ್ಕಿದ್ದಾರೆ, ಕಲ್ಯಾಣಕ್ಕೆ ಬಾ ಮಾರಾಯ ಎಂದು ಹೇಳಬೇಕೆಂದಿದ್ದಳು.

ಅವಳು ಬಾಯಿ ತೆರೆಯುವ ಮೊದಲೇ ಅಂಬರೀಶ ಮಾತಾಡಿದ.

“ಅಕ್ಕೋರೆ, ಈಗ, ಈ ಗಳಿಗ್ಯಾಗ, ಪಾಹುಣಾ ಮತ್ತ ಒಳಗ ಬಂದಾರ. ಮೂರು ವಾರದ ರಿಪೇರಿ ಎಲ್ಲಾ ಅಳಿಸಿ ಹಾಕ್ಯಾರ. ಒಂದೂ ಉಳಿದಿಲ್ಲ.”

ದಮಯಂತಿ ಅನಸೂಯಾಳ ತೊಡೆಯ ಕಡೆ ನೋಡಿದಳು. ಲ್ಯಾಪ್‌ಟಾಪ್ ಮುಚ್ಚಿಯೇ ಇತ್ತು. ಅನಸೂಯಾಳ ಬಲಗೈ ಇನ್ನೂ ಸಂಜನಾಳ ಕೈಯಲ್ಲೇ ಇತ್ತು. ಯತಿನ್‌ನ ಎರಡೂ ಕೈ ಖಾಲಿ.

ಮಾತಿನ ಗದ್ದಲದಲ್ಲಿ ಕಿವಿಗೆ ಬೀಳದಿದ್ದ ಒಂದು ಸದ್ದು ಆಗ ಅವಳಿಗೆ ಕೇಳಿಸಿತು. ಹಸಿರು ಪರದೆಯ ಆಚೆ, ಕೊನೆಯ ಕುರ್ಚಿಯಲ್ಲಿ, ಮೆಲ್ಲಗೆ ಕೀಲಿ ಒತ್ತುವ ಸದ್ದು. ಅವಳು ಕಿವಿಗೊಟ್ಟಂತೆಯೇ ಅದು ನಿಂತಿತು.

ಯಂತ್ರಕ್ಕೆ ಕಟ್ಟಿಕೊಂಡ ರೋಗಿ ಎದ್ದು ಓಡಲಾರ. ದಮಯಂತಿ ಎರಡು ಹೆಜ್ಜೆ ಇಟ್ಟು ಪರದೆ ಸರಿಸಿದಳು.

ಕುರ್ಚಿಯಲ್ಲಿದ್ದ ಮನುಷ್ಯ ಅವಳನ್ನು ನೋಡಿ ಕನ್ನಡಕ ತೆಗೆದ. ಮೈ ಇಳಿದಿತ್ತು, ಗಡ್ಡ ಬೆಳ್ಳಗಾಗಿತ್ತು. ಆದರೂ ಅವಳು ಗುರುತು ಹಿಡಿದಳು. ಜಯಶೀಲ. ಮಹಾಪೆಯ ಕಂಪನಿಯಲ್ಲಿ ಅವಳ ಎದುರಿನ ಮೇಜಿನವನು. ಅಷ್ಟು ವರ್ಷ ಅವನ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕಿ ಹುಡುಕಿ ಅವಳು ಸೋತಿದ್ದಳು. ಕಾರಣವಿಲ್ಲದೆ ಒಂದು ಅಕ್ಷರ ಅಳಿಸುವವನಲ್ಲ ಅವನು.

“ಅಳಿಸಿದ್ದು ನಾನೇ ದಮಯಂತಿ,” ಎಂದ ಜಯಶೀಲ. “ಪಕ್ಕದಲ್ಲೇ ಕೂತವನಿಗೆ ಅನಸೂಯಮ್ಮನ ಪಾಸ್‌ವರ್ಡ್ ಗೊತ್ತಾಗದೆ ಇರ್ತದಾ? ಅವರ ಕೆಲಸ ಚಿನ್ನದಂಥದ್ದು. ಆದರೆ ಅದರ ನಡುವೆ ಬೇರೆ ಯಾರೋ ಅವರ ಹೆಸರಿನಲ್ಲೇ ಒಂದು ಸಾಲು ಸೇರಿಸಿದ್ದಾರೆ. ಹಾಗೇ ಬಿಟ್ಟಿದ್ದರೆ ನಾಳೆ ಬೆಳಿಗ್ಗೆ ಎಲ್ಲ ಸೆಂಟರಿನಲ್ಲೂ ಒಟ್ಟಿಗೆ ಸರತಿ ಕಲಸಿಹೋಗ್ತಿತ್ತು. ಯಾರಿಗೂ ಕುರ್ಚಿ ಸಿಗ್ತಿರಲಿಲ್ಲ. ಕೆದಕುತ್ತ ಕೂರಲು ಹೊತ್ತಿರಲಿಲ್ಲ, ಎಲ್ಲ ತೆಗೆದು ಹಳೆಯ ಸ್ಥಿತಿಗೆ ತಂದೆ.”

ಯಾರು ಸೇರಿಸಿದ್ದು ಎಂದು ಅವಳು ಕೇಳಿದಳು.

ಜಯಶೀಲ ದನಿ ತಗ್ಗಿಸಿದ.

“ಹತ್ತು ಸಾಲಿನ ಕೆಲಸ ಒಂದೇ ಸಾಲಿನಲ್ಲಿ ಮುಗಿಸುವ ಕೈ ಅದು. ಅವರು ನಿನ್ನ ಜೊತೆಯಲ್ಲೇ ಬಂದಿದ್ದಾರೆ.”

ಕೋಣೆಯ ಬಾಗಿಲು ಕಿರ್ರೆಂದಿತು. ದಮಯಂತಿ ತಿರುಗಿ ನೋಡಿದಳು. ಅನಸೂಯಾಳ ಕುರ್ಚಿಯ ಪಕ್ಕದಲ್ಲಿ ಈಗ ಇಬ್ಬರಿರಲಿಲ್ಲ, ಯತಿನ್ ಒಬ್ಬನೇ ಇದ್ದ.